ಎಂಸಿಪಿ2515 ಡ್ರೈವರ್: ಸ್ವಲ್ಪ ಹೊತ್ತು ಚೆನ್ನಾಗಿ ಓಡಿ, ಆಮೇಲೆ ಫ್ರೇಮ್ ಬರುವುದೇ ನಿಲ್ಲುತ್ತದೆ

ಹೊಸಬ_411:
ಎಲ್ಲರಿಗೂ ನಮಸ್ಕಾರ. ಬ್ಲ್ಯಾಕ್ ಪಿಲ್ ಬೋರ್ಡ್ ಮೇಲೆ ಫ್ರೀಆರ್‌ಟಿಒಎಸ್ (ಪುಟ್ಟ ಆಪರೇಟಿಂಗ್ ಸಿಸ್ಟಂ) ಹಾಕಿ ಕ್ಯಾನ್ ಬಸ್‌ಗೆ (ಸಾಧನಗಳು ಎರಡು ತಂತಿಯ ಮೇಲೆ ಫ್ರೇಮ್ ಎಂಬ ಪುಟ್ಟ ಸಂದೇಶ ಕಳಿಸುವ ಜಾಲ) ಡ್ರೈವರ್ ಬರೆಯುತ್ತಿದ್ದೇನೆ. ಅದರ ಎಸ್‌ಟಿಎಂ32 ಎಫ್411 ಚಿಪ್ ಒಳಗೆ ಕ್ಯಾನ್ ಕಂಟ್ರೋಲರ್ ಇಲ್ಲವಲ್ಲ, ಅದಕ್ಕೆ ಎಸ್‌ಪಿಐ (ಚಿಪ್‌ಗಳ ನಡುವಿನ ಸೀರಿಯಲ್ ಸಂಪರ್ಕ) ಮೂಲಕ ಎಂಸಿಪಿ2515 ಎಂಬ ಕ್ಯಾನ್ ಕಂಟ್ರೋಲರ್ ಚಿಪ್‌ನ ನೀಲಿ ಮಾಡ್ಯೂಲ್ ಜೋಡಿಸಿದ್ದೇನೆ. ಆ ತುದಿಯಲ್ಲಿ ರಾಸ್ಪ್‌ಬೆರಿ ಪೈ ಇದೆ, ಅದಕ್ಕೂ ಅದೇ ಮಾಡ್ಯೂಲ್. ವೇಗ 500 ಕೆಬಿಪಿಎಸ್.

ಪೈ ಎರಡು ಐಡಿಗಳಲ್ಲಿ 8 ಬೈಟ್ ಫ್ರೇಮ್ ಕಳಿಸುತ್ತದೆ: ಒಂದು 10 ಮಿಲಿಸೆಕೆಂಡಿಗೊಮ್ಮೆ, ಇನ್ನೊಂದು 100 ಮಿಲಿಸೆಕೆಂಡಿಗೊಮ್ಮೆ. ಒಮ್ಮೆ 2 ನಿಮಿಷ, ಒಮ್ಮೆ 20 ನಿಮಿಷ ಸರಿಯಾಗಿ ಬರುತ್ತವೆ. ಆಮೇಲೆ ಬರುವುದು ನಿಂತೇ ಹೋಗುತ್ತದೆ. ವಿಚಿತ್ರ ಅಂದರೆ ನನ್ನ ಕಡೆಯಿಂದ ಕಳಿಸಿದ್ದು ಆಗಲೂ ಪೈಗೆ ಹೋಗುತ್ತಿರುತ್ತದೆ. ಪೈನಲ್ಲಿ ಒಂದೂ ಎರರ್ ಇಲ್ಲ. ಚಿಪ್ ರೀಸೆಟ್ ಮಾಡಿದರೆ ಮತ್ತೆ ಶುರು. ಮೂರು ದಿನದಿಂದ ತಲೆ ಕೆಟ್ಟಿದೆ.

ಬೆಸುಗೆಕಡ್ಡಿ:
ಮೊದಲು ತಂತಿ ನೋಡಿ. ಪವರ್ ಆಫ್ ಮಾಡಿ ಕ್ಯಾನ್ ಹೈ, ಕ್ಯಾನ್ ಲೋ ನಡುವೆ ಅಳೆದರೆ ಸುಮಾರು 60 ಓಮ್ ಬರಬೇಕು. 120 ಬಂದರೆ ಒಂದು ತುದಿಯ 120 ಓಮ್ ರೆಸಿಸ್ಟರ್‌ನ ಜಂಪರ್ ಹಾಕಿಲ್ಲ ಎಂದರ್ಥ. ಆಮೇಲೆ ಕ್ರಿಸ್ಟಲ್, ಅಂದರೆ ಚಿಪ್‌ಗೆ ಕ್ಲಾಕ್ ಕೊಡುವ ಭಾಗ. ಈ ನೀಲಿ ಮಾಡ್ಯೂಲ್‌ಗಳಲ್ಲಿ ಜಾಸ್ತಿ 8 ಮೆಗಾಹರ್ಟ್ಜ್ ಇರುತ್ತದೆ, ನಾವು 16 ಅಂದುಕೊಂಡು ಲೆಕ್ಕ ಹಾಕಿರುತ್ತೇವೆ.

ಹೊಸಬ_411:
61 ಓಮ್ ಬಂತು ಸರ್. ಕ್ರಿಸ್ಟಲ್ 8ರದ್ದೇ, ಲೆಕ್ಕವೂ ಅದಕ್ಕೇ ಹಾಕಿದ್ದೇನೆ.

ಸಿಗ್ನಲ್_ಸರೋಜ:
ಕ್ರಿಸ್ಟಲ್ ತಪ್ಪಿದ್ದರೆ ಒಂದು ಫ್ರೇಮ್ ಕೂಡ ಬರುತ್ತಿರಲಿಲ್ಲ. 20 ನಿಮಿಷ ಓಡಿದ ಬಸ್‌ನ ಟೈಮಿಂಗ್ ಮೇಲೆ ನನಗೆ ಅನುಮಾನವಿಲ್ಲ.

ಪೈನಲ್ಲಿ ಎರರ್ ಇಲ್ಲ ಅನ್ನುವುದನ್ನು ನಂಬಿ ಕೂರಬೇಡಿ. ಫ್ರೇಮ್ ಸರಿಯಾಗಿದ್ದರೆ ನಿಮ್ಮ ಎಂಸಿಪಿ2515 ತಾನಾಗಿಯೇ ಎಸಿಕೆ (ತಲುಪಿತು ಎಂಬ ಉತ್ತರ) ಕೊಡುತ್ತದೆ. ಬಫರ್‌ನಲ್ಲಿ ಜಾಗ ಇದೆಯೋ ಇಲ್ಲವೋ, ನಿಮ್ಮ ಡ್ರೈವರ್ ಓದಿತೋ ಇಲ್ಲವೋ, ಎಸಿಕೆಗೆ ಅದು ಸಂಬಂಧವೇ ಇಲ್ಲ. ಪೈಗೆ ಎಲ್ಲ ತಲುಪಿದ ಹಾಗೇ ಕಾಣುತ್ತದೆ.

ಮೂರು ವಿಷಯ ತಿಳಿಸಿ. ನಿಂತಾಗ ಕ್ಯಾನ್‌ಇಂಟ್‌ಎಫ್ (ಇಂಟರಪ್ಟ್ ಫ್ಲ್ಯಾಗ್‌ಗಳು) ಮತ್ತು ಇಎಫ್‌ಎಲ್‌ಜಿ (ಎರರ್ ಫ್ಲ್ಯಾಗ್‌ಗಳು) ರಿಜಿಸ್ಟರ್‌ನಲ್ಲಿ ಏನಿದೆ? ಇಂಟ್ ಪಿನ್ (ಚಿಪ್ ಪ್ರೊಸೆಸರನ್ನು ಕರೆಯುವ ಇಂಟರಪ್ಟ್ ಪಿನ್) ಮೇಲೆ ಎಷ್ಟು ವೋಲ್ಟ್? ಒಂದೇ ಐಡಿ ಕಳಿಸಿದರೂ ನಿಲ್ಲುತ್ತದೆಯಾ?

ಹೊಸಬ_411:
ಮೇಡಂ, ಕ್ಯಾನ್‌ಇಂಟ್‌ಎಫ್ ಹೆಕ್ಸ್ 27, ಇಎಫ್‌ಎಲ್‌ಜಿ ಹೆಕ್ಸ್ 80. ಇಂಟ್ ಪಿನ್ ಸೊನ್ನೆಯಲ್ಲೇ ಕೂತಿದೆ. ಒಂದೇ ಐಡಿ ಹಾಕಿ ಮಲಗಿದ್ದೆ, ಬೆಳಿಗ್ಗೆಯವರೆಗೂ ನಿಂತಿಲ್ಲ!

ಇಂಟರಪ್ಟ್ ಫಾಲಿಂಗ್ ಎಡ್ಜ್‌ಗೆ (ಪಿನ್ ಮೇಲಿನಿಂದ ಕೆಳಗೆ ಬೀಳುವ ಕ್ಷಣಕ್ಕೆ) ಇಟ್ಟಿದ್ದೇನೆ. ಐಎಸ್‌ಆರ್ (ಇಂಟರಪ್ಟ್ ಬಂದಾಗ ಓಡುವ ಕೋಡ್) ಸೆಮಾಫೋರ್ (ಟಾಸ್ಕ್ ಎಬ್ಬಿಸುವ ಸಂಕೇತ) ಕೊಡುತ್ತದೆ, ಟಾಸ್ಕ್ ಎದ್ದು ಒಂದು ಫ್ರೇಮ್ ಓದಿ ಮತ್ತೆ ಕಾಯುತ್ತದೆ. ಅದೇ ಎಸ್‌ಪಿಐ ಮೇಲೆ 128×64ರ ಓಎಲ್‌ಇಡಿ ಡಿಸ್‌ಪ್ಲೇ ಕೂಡ ಇದೆ, ಸೆಕೆಂಡಿಗೆ 20 ಸಲ ಬರೆಯುತ್ತೇನೆ. ಮಧ್ಯೆ ಮ್ಯೂಟೆಕ್ಸ್ (ಒಮ್ಮೆಗೆ ಒಬ್ಬರೇ ಎಸ್‌ಪಿಐ ಬಳಸುವಂಥ ಬೀಗ) ಇದೆ.

ಸಿಗ್ನಲ್_ಸರೋಜ:
ಸಿಕ್ಕಿತು. ಹೆಕ್ಸ್ 27 ಅಂದರೆ ಎರಡೂ ರಿಸೀವ್ ಬಫರ್ ತುಂಬಿವೆ, ಜೊತೆಗೆ ಎರರ್ ಫ್ಲ್ಯಾಗ್, ಮತ್ತೆ ನೀವು ಹಿಂದೆ ಕಳಿಸಿದ್ದರ ಟಿಎಕ್ಸ್0 ಫ್ಲ್ಯಾಗ್. ಹೆಕ್ಸ್ 80 ಅಂದರೆ ಎರಡನೇ ಬಫರ್ ಓವರ್‌ಫ್ಲೋ. ಬಸ್‌ನಲ್ಲಿ ಎರರ್ ಹೆಚ್ಚಾದಾಗ ಏಳುವ ಬಸ್-ಆಫ್ ಬಿಟ್ ಇಲ್ಲ, ಎರರ್ ಪ್ಯಾಸಿವ್ ಬಿಟ್ ಇಲ್ಲ. ಬಸ್ ಗಟ್ಟಿಮುಟ್ಟಾಗಿದೆ, ಬಾಗಿಲು ತೆಗೆಯುವವರು ಮಾತ್ರ ಮಲಗಿದ್ದಾರೆ.

ಆಗಿದ್ದು ಹೀಗೆ. ಓಎಲ್‌ಇಡಿಗೆ ಒಂದು ಸಲಕ್ಕೆ 1024 ಬೈಟ್. ಎಸ್‌ಪಿಐ 8 ಮೆಗಾಹರ್ಟ್ಜ್ ಇದ್ದರೆ ಸುಮಾರು 1 ಮಿಲಿಸೆಕೆಂಡ್. ಅಷ್ಟು ಹೊತ್ತು ಮ್ಯೂಟೆಕ್ಸ್ ಅದರ ಕೈಯಲ್ಲಿ. ಆದರೆ 500 ಕೆಬಿಪಿಎಸ್‌ನಲ್ಲಿ 8 ಬೈಟಿನ ಸಾಮಾನ್ಯ ಫ್ರೇಮ್ ಒಂದಕ್ಕೆ ನಡುವಿನ ಬಿಡುವೂ ಸೇರಿ 111 ಬಿಟ್, ಅಂದರೆ 222 ಮೈಕ್ರೋಸೆಕೆಂಡ್. ಸ್ಟಫ್ ಬಿಟ್ (ಟೈಮಿಂಗ್ ಹೊಂದಿಸಲು ನಡುವೆ ಸೇರುವ ಹೆಚ್ಚುವರಿ ಬಿಟ್) ಸೇರಿದರೆ ಇನ್ನೂ ಸ್ವಲ್ಪ. ನಿಮ್ಮ ಎರಡು ಐಡಿಗಳು ಅಪರೂಪಕ್ಕೆ ಬೆನ್ನಿಗೆ ಬೆನ್ನು ಬರುತ್ತವೆ. ಅದೇ ಹೊತ್ತಿಗೆ ಓಎಲ್‌ಇಡಿ ಕೆಲಸ ನಡೆಯುತ್ತಿದ್ದರೆ ಎರಡೂ ಬಫರ್ ತುಂಬುತ್ತವೆ. ನಿಮ್ಮ ಟಾಸ್ಕ್ ಎದ್ದು ಒಂದನ್ನು ಓದುತ್ತದೆ. ಇನ್ನೊಂದರ ಫ್ಲ್ಯಾಗ್ ಹಾಗೇ ಇದೆ, ಆದ್ದರಿಂದ ಇಂಟ್ ಪಿನ್ ಮೇಲೇಳುವುದೇ ಇಲ್ಲ. ಮೇಲೇಳದ ಪಿನ್ ಮತ್ತೆ ಕೆಳಗೆ ಬೀಳುವುದು ಹೇಗೆ? ಎಡ್ಜ್ ಇಲ್ಲ, ಸೆಮಾಫೋರ್ ಇಲ್ಲ, ನಿದ್ದೆ.

ಒಂದೇ ಐಡಿ ಇದ್ದಾಗ ರಾತ್ರಿಯಿಡೀ ಓಡಿದ್ದೂ ಇದಕ್ಕೇ. 10 ಮಿಲಿಸೆಕೆಂಡ್ ಅಂತರದಲ್ಲಿ ಎರಡು ಫ್ರೇಮ್ ಒಟ್ಟಿಗೆ ಸಿಕ್ಕಿಬೀಳುವುದಿಲ್ಲ.

ಎಂಸಿಪಿ2515ರ ಇಂಟ್ ಲೆವೆಲ್ ಸಿಗ್ನಲ್, ಫ್ಲ್ಯಾಗ್ ಇರುವವರೆಗೂ ಕೆಳಗೇ ಇರುತ್ತದೆ. ಎಸ್‌ಟಿಎಂ32 ಎಫ್4ರ ಎಕ್ಸ್‌ಟಿಐಗೆ (ಹೊರಗಿನ ಇಂಟರಪ್ಟ್ ಹಿಡಿಯುವ ಭಾಗಕ್ಕೆ) ಎಡ್ಜ್ ಮಾತ್ರ ಗೊತ್ತು. ಈ ಕೊರತೆಯನ್ನು ಡ್ರೈವರ್ ತುಂಬಬೇಕು: ಎದ್ದ ಮೇಲೆ ಇರುವುದನ್ನೆಲ್ಲ ಖಾಲಿ ಮಾಡುವವರೆಗೆ ಲೂಪ್ ಹಾಕಿ.

ಹೊಸಬ_411:
ಲೂಪ್ ಹಾಕಿದೆ, ಕ್ಯಾನ್‌ಇಂಟ್‌ಎಫ್ ಸೊನ್ನೆ ಆಗುವವರೆಗೆ. ಈಗ ಮೊದಲ ಫ್ರೇಮಿಗೇ ಇಡೀ ಬೋರ್ಡ್ ಹೆಪ್ಪುಗಟ್ಟಿದೆ. ಓಎಲ್‌ಇಡಿ ನಿಂತಿತು, ಎಲ್‌ಇಡಿ ಮಿನುಗುವುದೂ ನಿಂತಿತು.

ಹಳೇಫರ್ಮ್‌ವೇರ್:
ಟಿಎಕ್ಸ್0 ಫ್ಲ್ಯಾಗ್ ಮರೆತಿರಾ? ಅದನ್ನು ಯಾರೂ ಅಳಿಸುತ್ತಿಲ್ಲ, ಆದ್ದರಿಂದ ರಿಜಿಸ್ಟರ್ ಯಾವತ್ತೂ ಸೊನ್ನೆ ಆಗುವುದಿಲ್ಲ. ನಿಮ್ಮ ಕ್ಯಾನ್ ಟಾಸ್ಕ್‌ಗೇ ಎಲ್ಲಕ್ಕಿಂತ ಹೆಚ್ಚು ಪ್ರಯಾರಿಟಿ ಇರಬೇಕು. ಅದು ಅಲ್ಲೇ ಸುತ್ತುತ್ತಿದೆ, ಉಳಿದವರಿಗೆ ಸಿಪಿಯು ಎಲ್ಲಿಂದ?

ರಿಜಿಸ್ಟರ್ ಬಿಡಿ, ಪಿನ್ ಓದಿ. ಪಿನ್ ಕೆಳಗಿರುವವರೆಗೆ ಲೂಪ್. ಮೇಲೆ ಬಂತಾ, ಮಲಗಬಹುದು. ಅದಾದ ಮೇಲೆ ಏನೇ ಬಂದರೂ ಹೊಸ ಎಡ್ಜ್ ಸಿಗುತ್ತದೆ. ಝೆಫಿರ್ ಎಂಬ ಆಪರೇಟಿಂಗ್ ಸಿಸ್ಟಂನ ಎಂಸಿಪಿ2515 ಡ್ರೈವರ್ ಕೂಡ ಲೂಪಿನ ಕೊನೆಯಲ್ಲಿ ಪಿನ್ ನೋಡುತ್ತದೆ. ಎರರ್ ಇಂಟರಪ್ಟ್ ಆನ್ ಇದ್ದರೆ ಮೊದಲು ಇಎಫ್‌ಎಲ್‌ಜಿಯ ಓವರ್‌ಫ್ಲೋ ಬಿಟ್, ಆಮೇಲೆ ಎರರ್ ಫ್ಲ್ಯಾಗ್ ಅಳಿಸಿ. ಇಲ್ಲವಾದರೆ ಪಿನ್ ಕೆಳಗೇ ಇರುತ್ತದೆ, ಮತ್ತೆ ಅದೇ ಕಥೆ.

ಅಂದಹಾಗೆ ಫ್ಲ್ಯಾಗ್ ಅಳಿಸುವುದು ಹೇಗೆ ಮಾಡುತ್ತಿದ್ದೀರಿ?

ಹೊಸಬ_411:
ಸುಮ್ನೆ ಕ್ಯಾನ್‌ಇಂಟ್‌ಎಫ್ ಓದಿ, ಆ ಬಿಟ್ ತೆಗೆದು, ವಾಪಸ್ ಬರೆಯುತ್ತೇನೆ. ತಪ್ಪಾ ಸರ್?

ಹಳೇಫರ್ಮ್‌ವೇರ್:
ತಪ್ಪೇ. ಓದಿದ್ದಕ್ಕೂ ಬರೆದಿದ್ದಕ್ಕೂ ನಡುವೆ ಇನ್ನೊಂದು ಫ್ರೇಮ್ ಬಂದರೆ ಅದರ ಫ್ಲ್ಯಾಗನ್ನೂ ನೀವೇ ಒರೆಸಿ ಹಾಕುತ್ತೀರಿ. ಫ್ರೇಮ್ ಕಳೆದುಹೋಯಿತು, ಓವರ್‌ಫ್ಲೋ ಅಂತಲೂ ತೋರಿಸುವುದಿಲ್ಲ. ಇಂಥ ಕಳ್ಳನನ್ನು ಹಿಡಿಯಲು ನಾನು ಒಮ್ಮೆ ಎರಡು ವಾರ ಕಳೆದಿದ್ದೇನೆ. ಚಿಪ್‌ನಲ್ಲಿ ಬಿಟ್ ಮಾಡಿಫೈ ಕಮಾಂಡ್ ಇದೆ, ಹೆಕ್ಸ್ 05. ಮಾಸ್ಕ್ ಕೊಟ್ಟ ಬಿಟ್ ಮಾತ್ರ ಬದಲಾಗುತ್ತದೆ. ರಿಸೀವ್ ಬಫರ್‌ಗೆ ಇನ್ನೂ ಸುಲಭ: ಹೆಕ್ಸ್ 90 ಮತ್ತು 94ರ ಕಮಾಂಡ್‌ನಿಂದ ಓದಿದರೆ, ಚಿಪ್ ಸೆಲೆಕ್ಟ್ (ಎಸ್‌ಪಿಐನಲ್ಲಿ ಚಿಪ್ ಆರಿಸುವ ಪಿನ್) ಮೇಲೆತ್ತಿದ ಕೂಡಲೇ ಆ ಬಫರ್‌ನ ಫ್ಲ್ಯಾಗ್ ತಾನಾಗಿಯೇ ಹೋಗುತ್ತದೆ. ಎಸ್‌ಪಿಐ ಓಡಾಟವೂ ಕಡಿಮೆ.

ಸಿಗ್ನಲ್_ಸರೋಜ:
ಓಎಲ್‌ಇಡಿಯನ್ನೂ ಸರಿ ಮಾಡಿ, ಇಲ್ಲದಿದ್ದರೆ ಡ್ರೈವರ್ ಎಷ್ಟೇ ಚೆನ್ನಾಗಿದ್ದರೂ ಬಫರ್ ಎರಡೇ. ಎಫ್411ರಲ್ಲಿ ಐದು ಎಸ್‌ಪಿಐ ಇವೆ, ಬೇರೆಯದಕ್ಕೆ ಹಾಕಿ. ಆಗದಿದ್ದರೆ 128 ಬೈಟಿನ ಎಂಟು ತುಂಡು ಮಾಡಿ, ಪ್ರತಿ ತುಂಡಿಗೂ ಮ್ಯೂಟೆಕ್ಸ್ ಬಿಟ್ಟು ಹಿಡಿಯಿರಿ.

ಹೊಸಬ_411:
ಓಎಲ್‌ಇಡಿಯನ್ನು ಎರಡನೇ ಎಸ್‌ಪಿಐಗೆ ಸಾಗಿಸಿದೆ, ಪಿನ್ ನೋಡುವ ಲೂಪ್ ಹಾಕಿದೆ, ಓದಲು 90 ಮತ್ತು 94. ಪೈನಲ್ಲಿ ಕ್ಯಾನ್‌ಜೆನ್ ಎಂಬ ಫ್ರೇಮ್ ಕಳಿಸುವ ಪ್ರೋಗ್ರಾಂನಲ್ಲಿ ಡೇಟಾ ಒಂದೊಂದೇ ಏರುವ ಹಾಗೆ ಇಟ್ಟು, ಈ ಕಡೆ ಪ್ರತಿ ಐಡಿಗೂ ಸಂಖ್ಯೆ ತಪ್ಪುತ್ತದೆಯಾ ಎಂದು ಎಣಿಸಿದೆ. ರಾತ್ರಿ 8 ಗಂಟೆಯಲ್ಲಿ 30 ಲಕ್ಷದ ಹತ್ತಿರ ಫ್ರೇಮ್, ಒಂದೂ ತಪ್ಪಿಲ್ಲ.

ಆಮೇಲೆ ಕುತೂಹಲಕ್ಕೆ ಫ್ಲ್ಯಾಗ್ ಅಳಿಸುವ ಹಳೇ ವಿಧಾನವನ್ನೇ ವಾಪಸ್ ಹಾಕಿ, ಪೈನಿಂದ ಬಿಡುವಿಲ್ಲದೆ ಕಳಿಸಿ ನೋಡಿದೆ. ನಿಲ್ಲಲಿಲ್ಲ, ಆದರೆ ಆಗಾಗ ಒಂದೊಂದು ಸಂಖ್ಯೆ ಹಾರಿಹೋಗುತ್ತಿತ್ತು. ಹಳೇಫರ್ಮ್‌ವೇರ್ ಸರ್, ನಿಮ್ಮ ಕಳ್ಳ ನಮ್ಮ ಮನೆಯಲ್ಲೂ ಇದ್ದ.