ನೈನ್ ಮೈಲ್ ಕಣಿವೆಯ ಬಂಡೆಚಿತ್ರಗಳು: ಕೇಳಿ, ಮೇಡಂ ಹೇಳ್ತಾರೆ

ಅಡ್ಮಿನ್: ಯೂಟಾದ ಮರುಭೂಮಿ ಕಣಿವೆಗೆ ಹೊರಟವರು ಈ ಸಲ ಜಾಸ್ತಿ. ಬಂಡೆಚಿತ್ರ ಸಂರಕ್ಷಣೆಯ ಕೆಲಸದಲ್ಲಿರುವ ಮೇಡಂ ಸಿಕ್ಕಿದ್ದಾರೆ, ಕೇಳಿ.

ಡೆನ್ವರ್ ಭಟ್ರು: ಒಂಬತ್ತೇ ಮೈಲಿ ಅಲ್ವಾ, ಮಧ್ಯಾಹ್ನದೊಳಗೆ ಮುಗಿಯುತ್ತಾ?

ಮೇಡಂ: ನಲವತ್ತು ಮೈಲಿಗೂ ಜಾಸ್ತಿ ಇದೆ. ಇಡೀ ದಿನ ಇಟ್ಟುಕೊಳ್ಳಿ.

ಫೀನಿಕ್ಸ್ ಹುಡುಗ: ಚಿತ್ರ ಮಸುಕಾಗಿದ್ದರೆ ನೀರು ಚಿಮುಕಿಸಿ ಫೋಟೋ ತೆಗೆಯಬಹುದಾ? ಡ್ರೋನ್ ಬಿಡಬಹುದಾ?

ಮೇಡಂ: ನೀರು ಬೇಡ. ಬೆಳಗ್ಗೆ ಇಲ್ಲವೇ ಸಂಜೆಯ ಓರೆ ಬಿಸಿಲಿಗೆ ತೆಗೆಯಿರಿ.

ಸಾಲ್ಟ್ ಲೇಕ್ ಗೌಡ: ಮೇಡಂ, ಪಕ್ಕದ ಸಣ್ಣ ಕಣಿವೆಯಲ್ಲಿ ಕಾಡುಕುರಿಗಳ ಚಿತ್ರದ ಮೇಲೆ ಯಾರೋ ಮೊಳೆಯಲ್ಲಿ ಹೆಸರು ಗೀಚಿದ್ದಾರೆ. ಒಂದು ಕುರಿಯ ಕೊಂಬಿನ ಮೇಲೇ ಗೀರು ಹೋಗಿದೆ, ಕೆರೆದ ಪುಡಿ ಇನ್ನೂ ಕೆಳಗಿನ ಅಂಚಿನಲ್ಲಿ ಕೂತಿದೆ. ನನ್ನ ಸ್ನೇಹಿತ ಸ್ಯಾಂಡ್‌ಪೇಪರ್ ತಗೊಂಡು ಹೋಗಿ ಅಳಿಸ್ತೀನಿ ಅಂತಾನೆ.

ಮೇಡಂ: ಮೊದಲು ಅವರನ್ನು ತಡೆಯಿರಿ. ಆ ಮರಳುಗಲ್ಲಿನ ಮೇಲಿನ ಕಪ್ಪು ಹೊಳಪು ಕೊಳೆಯಲ್ಲ. ಗಾಳಿ ತಂದ ಜೇಡಿ ದೂಳಿಗೆ ಮ್ಯಾಂಗನೀಸ್, ಕಬ್ಬಿಣದ ಆಕ್ಸೈಡ್ ಸೇರಿ ಕೂತ ಪದರ ಅದು. ಸಾವಿರ ವರ್ಷಕ್ಕೆ ಕೆಲವೇ ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಬೆಳೆಯುತ್ತದೆ. ಆಗ ಇಲ್ಲಿದ್ದ ಫ್ರೀಮಾಂಟ್ ಅನ್ನೋ ಮೂಲನಿವಾಸಿ ಜನ ಸುಮಾರು ಸಾವಿರ ವರ್ಷದ ಹಿಂದೆ ಆ ಪದರವನ್ನು ಕಲ್ಲಿನಿಂದ ಕುಟ್ಟಿ ಎಬ್ಬಿಸಿದರು, ಒಳಗಿನ ತಿಳಿ ಕಲ್ಲು ಕಂಡಿತು, ಅದೇ ಚಿತ್ರ. ಈಗ ಹೆಸರು ಅಳಿಸೋಕೆ ಉಜ್ಜಿದರೆ ಸುತ್ತಲಿನ ಕಪ್ಪೂ ಹೋಗುತ್ತದೆ, ಆಮೇಲೆ ಕುರಿ ಯಾವುದು ಬಂಡೆ ಯಾವುದು ಗೊತ್ತಾಗಲ್ಲ. ಗೀಚಿದವನು ಒಂದು ಕೊಂಬು ಕೆಡಿಸಿದ, ನಿಮ್ಮ ಸ್ನೇಹಿತರು ಹಿಂಡನ್ನೇ ಕೆಡಿಸ್ತಾರೆ. ಆ ಪುಡಿಯನ್ನೂ ಊದಬೇಡಿ, ಗೀರು ಹೊಸದು ಅನ್ನೋದಕ್ಕೆ ಅದೇ ಸಾಕ್ಷಿ. ದೂರದಿಂದೊಂದು, ಹತ್ತಿರದಿಂದೊಂದು ಫೋಟೋ ತೆಗೆದು, ಜಾಗದ ಗುರುತಿನ ಜೊತೆ ಪ್ರೈಸ್ ಊರಿನ ಬಿಎಲ್‌ಎಂ (ಅಮೆರಿಕದ ಸರ್ಕಾರಿ ಜಮೀನು ನೋಡಿಕೊಳ್ಳೋ ಇಲಾಖೆ) ಕಚೇರಿಗೆ ಕೊಡಿ. ಜಾಗ ಯಾವುದು ಅಂತ ಇಲ್ಲಿ ಬರೆಯಬೇಡಿ. ಅಲ್ಲದೆ, ಸರ್ಕಾರಿ ಜಮೀನಿನಲ್ಲಿ ಪರವಾನಗಿ ಇಲ್ಲದೆ ಇಂಥ ಚಿತ್ರಕ್ಕೆ ಕೈ ಹಾಕುವುದು 1979ರ ಪುರಾತತ್ವ ಸಂಪನ್ಮೂಲ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ.

ಡಲ್ಲಾಸ್ ಅಜ್ಜಿ: ಫಾರ್ವರ್ಡ್ ಬಂದಿದೆ ಕಣಮ್ಮ. ನಿಂಬೆರಸ, ಅಡುಗೆ ಸೋಡಾ ಹಚ್ಚಿದರೆ ಎಂಥ ಗೀರೂ ಮಾಯವಂತೆ.

ಮೇಡಂ: ದೇವರ ದೀಪಕ್ಕೆ ಹಚ್ಚಿ ಅಜ್ಜಿ. ಬಂಡೆಗೆ ಹುಳಿ, ಸೋಡಾ, ಟೂತ್‌ಪೇಸ್ಟ್, ಎಣ್ಣೆ ಯಾವುದೂ ಬೇಡ. ಇಂಥದ್ದನ್ನು ಓದಿ ಒಬ್ಬರಾದರೂ ಮಾಡಿಯೇ ನೋಡ್ತಾರೆ.

ರೀನೊ ರಾಯರು: ಸುಮ್ನೆ ಹೆದರಿಸ್ತೀರಿ. ಗ್ಯಾಸ್ ಕಂಪನಿ ಲಾರಿಗಳು ಇದೇ ಕಣಿವೆಯಲ್ಲಿ ವರ್ಷಗಟ್ಟಲೆ ದೂಳೆಬ್ಬಿಸಿದಾಗ ನೀವೆಲ್ಲ ಎಲ್ಲಿದ್ರಿ?

ಡೆನ್ವರ್ ಭಟ್ರು: ಆಗಲೂ ಗಲಾಟೆ ಆಗಿತ್ತು ರಾಯರೇ. ದೂಳು ಕೂರಿಸೋಕೆ ರಸ್ತೆಗೆ ಮೆಗ್ನೀಸಿಯಂ ಕ್ಲೋರೈಡ್ ಸುರಿದ್ರು, ಆ ಉಪ್ಪು ಬಂಡೆಗೂ ಕೆಟ್ಟದು ಅಂತ ಆಕ್ಷೇಪ ಬಂತು. ಕೊನೆಗೆ ಡಾಂಬರು ಹಾಕಿದ್ರು.

ರೀನೊ ರಾಯರು: ಬಳ್ಳಾರಿ ಹತ್ರ ಕಪ್ಪಗಲ್ಲು ಊರಿನ ಬಂಡೆಚಿತ್ರಗಳಿಗೆ ಕ್ವಾರಿಯೇ ಕಂಟಕವಾಯ್ತು. ಅದನ್ನು ಕೇಳೋರಿಲ್ಲ, ಇಲ್ಲಿ ಬೆರಳಿಟ್ಟರೆ ಪಾಠ.

ಡೆನ್ವರ್ ಭಟ್ರು: ಅಲ್ಲಿ ಒಡೆದ್ರು ಅಂತ ಇಲ್ಲೂ ಕೆಡಿಸ್ಬೇಕಾ? ಏನ್ ಲಾಜಿಕ್ ಸ್ವಾಮಿ!

ರೀನೊ ರಾಯರು: ನಿಮ್ಮನ್ನು ಕೇಳಿಲ್ಲ.

ಸ್ಯಾನ್ ಹೊಸೆ ಅಮ್ಮ: ಮಕ್ಕಳು ಮುಟ್ಟಿದರೆ? ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯೋದು?

ಮೇಡಂ: ಎರಡೂ ಬೇಡ. ಕೈಯ ಜಿಡ್ಡು ಬಂಡೆಗೆ ಅಂಟುತ್ತೆ.

ಫೀನಿಕ್ಸ್ ಹುಡುಗ: ಸ್ಪ್ರೇ ಬಾಟಲಿಯಲ್ಲಿ ಸ್ವಲ್ಪವೇ ನೀರು?

ಮೇಡಂ: ಮೇಲೆ ಓದಿ.

ಸಾಲ್ಟ್ ಲೇಕ್ ಗೌಡ: ಮೇಡಂ, ಆ ಸ್ಯಾಂಡ್‌ಪೇಪರ್ ಸ್ನೇಹಿತ ಬೆಳಗ್ಗೆಯೇ ಹೊರಟುಬಿಟ್ಟಿದ್ದಾನೆ.

ಮೇಡಂ: ಮತ್ತೆ ಇಲ್ಲಿ ಟೈಪ್ ಮಾಡ್ತಾ ಕೂತಿದ್ದೀರಲ್ಲ! ಈಗಲೇ ಫೋನ್ ಮಾಡಿ. ಕಣಿವೆ ದಾರಿಯ ವೆಲ್ಲಿಂಗ್ಟನ್ ಊರು ದಾಟಿದರೆ ಸಿಗ್ನಲ್ ನಂಬೋಕಾಗಲ್ಲ.