ದಸರಾ ಚೌಕಕ್ಕ ಮೇಬ್ಯಾಕ್ ಬರಬೇಕೋ, ಗಾಜಿನ ಮನ್ಯಾಗ ಇರಬೇಕೋ?

ಜತ್ತದ ಹುಡುಗ: ಈ ಸಲ ಕೊಲ್ಲಾಪುರದ ದಸರಾ ಚೌಕದಾಗ ನಿಂತು ನೋಡಿದೆ. ಹೊತ್ತು ಮುಳುಗೂ ಹೊತ್ತಿಗೆ ಅರಮನಿ ಮಂದಿ ಹಳೇ ಮೇಬ್ಯಾಕ್ ಕಾರಿನ್ಯಾಗ ಬಂದ್ರು, ಬನ್ನಿ ಪೂಜಾ ಆತು, ಜನ ‘ಬಂಗಾರ’ ಅನ್ನೋ ಎಲಿ ಲೂಟಿಗೆ ಮುಗಿಬಿದ್ರು. ನನ್ನ ಎದಿ ಧಸಕ್ಕಂತು. ರಾಜಾರಾಮ ಮಹಾರಾಜರ ಕಾಲದ ಗಾಡಿ, ಅವರು ತೀರಿಕೊಂಡಿದ್ದ 1940ರಾಗ. ಅದನ್ನ ಆ ಗದ್ದಲದಾಗ ತರೋದು ಬೇಕೇನ್ರಿ?

ಗ್ಯಾರೇಜ್ ಕಾಕಾ, ಗಡಹಿಂಗ್ಲಜ: ತಮ್ಮಾ, ಗಾಡಿ ಓಡಿ ಸಾಯಂಗಿಲ್ಲ, ನಿಂತು ಸಾಯ್ತದ. ನಮ್ಮ ಕಡೆ ಒಂದು ವಾಡೇದಾಗ ಹನ್ನೊಂದು ವರ್ಷ ನಿಂತ ಕಾರ್ ನನ್ನ ಕೈಗೆ ಬಂದಿತ್ತು. ಟಾಕಿ ಬಿಚ್ಚಿದ್ರ ಪೆಟ್ರೋಲ್ ಕಾಕಂಬಿ ಆಗಿತ್ತು, ವಾಸನಿ ವಾರ್ನಿಷ್‌ದು. ಬ್ರೇಕ್ ಸಿಲಿಂಡರಿನ ಪಿಸ್ಟನ್ ತುಕ್ಕಿಗೆ ಕಚ್ಕೊಂಡು, ಎರಡು ದಿನ ಡೀಸೆಲ್‌ನ್ಯಾಗ ನೆನಿಯಿಟ್ಟು ಬಡದ ಮ್ಯಾಲೆ ಹೊರಗ ಬಂತು. ಟೈರ್ ನಿಂತಲ್ಲೇ ಚಪ್ಪಟಿ.

ಸೊಲ್ಲಾಪುರದ ಅಕ್ಕ: ಹಂಗಾದ್ರ ಹೈದರಾಬಾದಿಂದ ಏನಂತೀರಿ? ನಿಜಾಮ ಮಹಬೂಬ್ ಅಲಿ ಪಾಶಾ ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್ ಹೇಳಿ ಮಾಡಿಸಿದ್ರು. ಹಿಂದಿನ ಸೀಟು ಸಿಂಹಾಸನದಂಗ ಎತ್ತರ. ಅದು ಊರು ಮುಟ್ಟೋದ್ರಾಗ, 1911ರಾಗ, ಅವರೇ ತೀರಿಕೊಂಡ್ರು. ಅಗದಿ ಕಡಿಮಿ ಓಡಿದ ಗಾಡಿ ಅದು, ಇವತ್ತಿಗೂ ಚೌಮಹಲ್ಲಾ ಅರಮನ್ಯಾಗ ನಿಂತದ. ಟಿಕೀಟ್ ತಗೊಂಡು ನಾನ ನೋಡಿ ಬಂದೀನಿ.

ಗ್ಯಾರೇಜ್ ಕಾಕಾ: ನೋಡಾಕ ಚಂದ ಅದ ಅಕ್ಕಾರ. ಹೆಣಾ ಸಿಂಗರಿಸಿದ್ರೂ ಚಂದ ಕಾಣ್ತದ.

ಸೊಲ್ಲಾಪುರದ ಅಕ್ಕ: ಹಬ್ಬದ ಮಾತಿನಾಗ ಹೆಣಾ ಯಾಕ ತರ್ತೀರಿ ಕಾಕಾ!

ಕೆಂಪಂಗಿ: ಎಲ್ಲಾರೂ ಸೀಟು, ಟೈರು ಅಂತ ಕುಂತೀರಿ. ಸರಕಾರ ರಾಜರಿಗೆ ಕೊಡ್ತಿದ್ದ ರಾಜಧನ ರದ್ದಾಗಿದ್ದು 1971ರಾಗ. ರೈತರ ಕಂದಾಯದಾಗ ಬಂದ ಗಾಡಿಗೆ ಇನ್ನೂ ನಾವ ಚಪ್ಪಾಳಿ ತಟ್ಟಬೇಕಾ?

ಜತ್ತದ ಹುಡುಗ: ಅಣ್ಣಾ, ಬ್ಯಾರೆ ಊರಾಗ ಈ ಮಾತು ನಡೀತದ. 1902ರಾಗ ನೌಕರಿಯೊಳಗ ಹಿಂದುಳಿದವರಿಗೆ ನೂರಕ್ಕ 50 ಮೀಸಲು ಇಟ್ಟ ಶಾಹೂ ಮಹಾರಾಜರ ಊರು ಇದು.

ಕೆಂಪಂಗಿ: ಶಾಹೂ ಮಹಾರಾಜರಿಗೆ ಕೈ ಮುಗಿತೀನಿ. ಗಾಡಿಗಲ್ಲ.

ಕರಿಕೋಟು: ಕಾಯ್ದೆ ಮಾತು ಒಂದು. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿನ ವಿಂಟೇಜ್ ಅಂತ ನೋಂದಾಯಿಸಿದ್ರ ಪ್ರದರ್ಶನ, ರ್‍ಯಾಲಿ, ರಿಪೇರಿಗೆ ರಸ್ತೆಗೆ ತರಬಹುದು, ದಿನಾ ಓಡಿಸೋ ಹಂಗಿಲ್ಲ. ಅಂದ್ರ ವರ್ಷಕ್ಕೊಮ್ಮೆ ಹೊರಗ ತೆಗಿಯೂದಕ್ಕ ಕಾಯ್ದೆನ ದಾರಿ ಬಿಟ್ಟದ. ಇನ್ನ ಒಮ್ಮೆ ಕೈ ಬಿಟ್ರ ಏನಾಗ್ತದ ಅಂತ ರಾಜಕೋಟದ ಅರಮನಿಯವರನ್ನ ಕೇಳ್ರಿ. 1934ರ ಅವರ ‘ಸ್ಟಾರ್ ಆಫ್ ಇಂಡಿಯಾ’ ರೋಲ್ಸ್ 1968ರಾಗ ಮಾರಾಟ ಆಗಿ ಹೋದದ್ದು, ಮನಿತನಕ್ಕ ತಿರುಗಿ ಬರೂದ್ರಾಗ 2010 ಆತು.

ಜತ್ತದ ಹುಡುಗ: ಕೆಟ್ರ ಪಾರ್ಟ್ ಎಲ್ಲಿಂದ ತರ್ತೀರಿ ಕಾಕಾ? ಮೇಬ್ಯಾಕ್‌ನವರು ಆಗ ಇಂಜಿನ್, ಚಾಸಿ ಅಷ್ಟ ಕೊಡ್ತಿದ್ರಂತ, ಬಾಡಿ ಬ್ಯಾರೆಯವರು ಗಿರಾಕಿ ಹೇಳಿದಂಗ ಕಟ್ತಿದ್ರಂತ. ಯುದ್ಧ ಬಂದ ಮ್ಯಾಲೆ ಅದೇ ಕಾರಖಾನಿ ಟ್ಯಾಂಕಿನ ಇಂಜಿನ್‌ಗೆ ಇಳೀತು.

ಗ್ಯಾರೇಜ್ ಕಾಕಾ: ಪಾರ್ಟ್ ಸಿಗಂಗಿಲ್ಲ, ಮಾಡಬೇಕು. ಉದ್ಯಮನಗರದಾಗ ಲೇಥ್‌ಗೇನ ಬರಾ ಅದ? ನನಗ ಅಂಜಿಕಿ ಪಾರ್ಟಿಂದಲ್ಲ, ಪೆಟ್ರೋಲ್‌ದು. ಈಗ ನೂರಕ್ಕ 20 ಎಥೆನಾಲ್ ಬೆರಸ್ತಾರ. ನಮ್ಮ ಹೊಲದ ಕಬ್ಬಿಂದನ ತೆಗೆದದ್ದು, ಆ ಕಾಲದ ರಬ್ಬರ್, ಕಾರ್ಕ್ ತಿಂದು ಹಾಕ್ತದ.

ಸೊಲ್ಲಾಪುರದ ಅಕ್ಕ: ನೋಡ್ರಿ, ನೀವ ಹೇಳಿದ್ರಿ.

ಗ್ಯಾರೇಜ್ ಕಾಕಾ: ಇನ್ನೊಂದೂ ಹೇಳ್ತೀನಿ, ಬರಕೋರಿ. ಮೆರವಣಿಗಿ ನಡಿಗಿ ಅಂಥಾ ಗಾಡಿಗೆ ಒಳ್ಳೇದಲ್ಲ. ಇಂಜಿನ್ ನಿಧಾನ ತಿರುಗಿದ್ರ ಫ್ಯಾನೂ ನಿಧಾನ, ರೇಡಿಯೇಟರ್‌ಗೆ ಗಾಳಿ ಹೊಡಿಯಂಗಿಲ್ಲ, ನೀರು ಕುದೀತದ, ಅರ್ಧ ಕ್ಲಚ್ಚಿನಾಗ ಪ್ಲೇಟು ಸುಡ್ತದ. ಹಂಗಂತ ಗಾಜಿನಾಗ ಇಡಬ್ಯಾಡ್ರಿ. ತಿಂಗಳಿಗೊಮ್ಮೆ ಮುಂಜಾನೆದ್ದು ಖಾಲಿ ರಸ್ತೆದಾಗ ಹತ್ತು ಮೈಲಿ ಓಡಸ್ರಿ. ದಸರಾಕ್ಕ ಚೌಕದ ಸನೇಕ ಬಂದ ಮ್ಯಾಲಷ್ಟ ನಡಿಗಿ.

ಕೆಂಪಂಗಿ: ನಡಿಯೂ ಹೊತ್ತಿಗೆ ನೀರು ಕುದ್ರ?

ಗ್ಯಾರೇಜ್ ಕಾಕಾ: ಕರದ್ರ ನೀರಿನ ಕ್ಯಾನ್ ಹಿಡಕೊಂಡು ನಾನ ಹಿಂದ ಬರ್ತೀನಿ. ನೀನೂ ಬಾ, ಚಪ್ಪಾಳಿ ತಟ್ಟಬ್ಯಾಡ, ಮಂದೀನ ದೂರ ಸರಸು.