ಆರ್ಬಿಟರ್‌ನಲ್ಲಿ ವಿಕ್ರಮ್ ಲ್ಯಾಂಡರ್: ಎಂಬತ್ತು ಸೆಕೆಂಡಿಗೇ ಇಂಧನ ಖಾಲಿ

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಆರ್ಬಿಟರ್ 2016 ಎಂಬ ಬಾಹ್ಯಾಕಾಶ ಹಾರಾಟದ ಸಿಮ್ಯುಲೇಟರ್‌ಗಾಗಿ ಚಂದ್ರಯಾನ-3ರ ವಿಕ್ರಮ್ ಲ್ಯಾಂಡರನ್ನು ಸಿ++ನಲ್ಲಿ ಆಡ್-ಆನ್ (ಹೆಚ್ಚುವರಿ ಘಟಕ) ಆಗಿ ಬರೆಯುತ್ತಿದ್ದೇನೆ. ತಲಾ 800 ನ್ಯೂಟನ್ ನೂಕುಬಲದ ನಾಲ್ಕು ಎಂಜಿನ್‌ಗಳಿವೆ. ಒಟ್ಟು ದ್ರವ್ಯರಾಶಿ 1,750 ಕೆ.ಜಿ.; ಅದರಲ್ಲಿ 850 ಕೆ.ಜಿ. ಇಂಧನ ಎಂಬುದು ನನ್ನ ಅಂದಾಜು. 30 ಕಿ.ಮೀ. ಎತ್ತರದಲ್ಲಿ, ಸೆಕೆಂಡಿಗೆ 1.68 ಕಿ.ಮೀ. ವೇಗದಲ್ಲಿರುವಾಗ ಎಂಜಿನ್ ಹೊತ್ತಿಸಿದರೆ ಎಂಬತ್ತು ಸೆಕೆಂಡಿನಲ್ಲಿ ಟ್ಯಾಂಕ್ ಬರಿದಾಗುತ್ತದೆ. ಅಷ್ಟರಲ್ಲಿ ವೇಗ ತಗ್ಗಿರುವುದು ಸೆಕೆಂಡಿಗೆ 200 ಮೀಟರಿನಷ್ಟು ಮಾತ್ರ. 2023ರ ಆಗಸ್ಟ್ 23ರಂದು ನಿಜವಾದ ವಿಕ್ರಮ್ ಇಳಿಯಲು ಸುಮಾರು 19 ನಿಮಿಷ ತೆಗೆದುಕೊಂಡಿತ್ತು. ನೂಕುಬಲವನ್ನು ಎರಡು ಪಟ್ಟು ಮಾಡಿದೆ, ಇನ್ನೂ ಬೇಗ ಖಾಲಿಯಾಯಿತು. ಎಲ್ಲಿ ತಪ್ಪುತ್ತಿದ್ದೇನೆ?

ಮೊದಲ ಉತ್ತರ:
ಎಂಜಿನ್ ಸೃಷ್ಟಿಸುವ ಕ್ರಿಯೇಟ್‌ಥ್ರಸ್ಟರ್ ಫಂಕ್ಷನ್‌ಗೆ ನಿರ್ದಿಷ್ಟ ಆವೇಗವೆಂದು (ಇಂಧನದಿಂದ ಎಷ್ಟು ನೂಕುಬಲ ಸಿಗುತ್ತದೆ ಎಂಬ ಅಳತೆ) 300 ಕೊಟ್ಟಿದ್ದೀರಿ ಎಂದು ನಿಮ್ಮ ಅಂಕಿಗಳೇ ಹೇಳುತ್ತಿವೆ. ಪುಸ್ತಕಗಳಲ್ಲಿ ಅದನ್ನು ಸೆಕೆಂಡುಗಳಲ್ಲಿ ಬರೆಯುತ್ತಾರೆ, ಆರ್ಬಿಟರ್ ಮಾತ್ರ ಸೆಕೆಂಡಿಗೆ ಇಷ್ಟು ಮೀಟರ್ ಎಂದು ಕೇಳುತ್ತದೆ. 3,200 ನ್ಯೂಟನ್ನನ್ನು 300ರಿಂದ ಭಾಗಿಸಿದರೆ ಸೆಕೆಂಡಿಗೆ 10.7 ಕೆ.ಜಿ. ಖರ್ಚು, 850 ಕೆ.ಜಿ. ಸರಿಯಾಗಿ ಎಂಬತ್ತು ಸೆಕೆಂಡಿಗೆ ಮುಗಿಯುತ್ತದೆ. 300ನ್ನು ಭೂಮಿಯ ಗುರುತ್ವದ ಅಂಕಿಯಾದ 9.81ರಿಂದ ಗುಣಿಸಿ 2,943 ಎಂದು ಬರೆಯಿರಿ. ಆಗ ಪೂರ್ಣ ನೂಕುಬಲದಲ್ಲಿಯೇ ಹದಿಮೂರು ನಿಮಿಷ ಉರಿಯುತ್ತದೆ, ಒಟ್ಟು ಸೆಕೆಂಡಿಗೆ 1,950 ಮೀಟರಿನಷ್ಟು ವೇಗವನ್ನು ಇಳಿಸಬಲ್ಲದು.

ದಯವಿಟ್ಟು ನೂಕುಬಲವನ್ನು ಮೊದಲಿನಂತೆ 800ಕ್ಕೇ ತನ್ನಿ. ಚಂದ್ರನ ಮೇಲೆ 1,750 ಕೆ.ಜಿ.ಯ ಭಾರ ಸುಮಾರು 2,835 ನ್ಯೂಟನ್. 3,200 ಅದಕ್ಕಿಂತ ಸ್ವಲ್ಪವೇ ಹೆಚ್ಚು ಎಂದು ಗಾಬರಿಯಾಗುವುದು ಸಹಜ. ಆದರೆ ಆರಂಭದಲ್ಲಿ ನೌಕೆ ಕಕ್ಷೆಯ ವೇಗದಲ್ಲಿಯೇ ಇರುವುದರಿಂದ ಅದನ್ನು ಎತ್ತಿ ಹಿಡಿಯುವ ಕೆಲಸ ಎಂಜಿನ್‌ಗಳಿಗೆ ಬಹುತೇಕ ಇರುವುದಿಲ್ಲ, ನೂಕುಬಲವೆಲ್ಲ ಅಡ್ಡ ವೇಗವನ್ನು ಮುರಿಯಲು ಸಿಗುತ್ತದೆ. ವೇಗ ತಗ್ಗಿ ಭಾರ ಹೊರಬೇಕಾದ ಹೊತ್ತಿಗೆ ಇಂಧನ ಕಳೆದು ನೌಕೆ ಹಗುರಾಗಿರುತ್ತದೆ. ಇಸ್ರೋ ಯೋಜನೆಯಲ್ಲಿ ಮೊದಲ ಹಂತಕ್ಕೇ 690 ಸೆಕೆಂಡು ಇಟ್ಟದ್ದು ಇದೇ ಲೆಕ್ಕಾಚಾರದಿಂದ. ಈ ಬಿಗಿಯಾದ ಲೆಕ್ಕವೇ ವಿಕ್ರಮ್‌ನ ಚೆಲುವು. ಆಡ್-ಆನ್‌ನಲ್ಲಿ ಅದು ಉಳಿಯಲೇಬೇಕು.

ಪ್ರಶ್ನೆ ಕೇಳಿದವರು:
ತುಂಬಾ ಧನ್ಯವಾದಗಳು. ತಪ್ಪು ಅಲ್ಲಿಯೇ ಇತ್ತು. ನಿನ್ನೆ ರಾತ್ರಿ 150 ಮೀಟರಿನಲ್ಲಿ ತೇಲಿ ನಿಂತು ಕೆಳಗಿಳಿಯಿತು. ಆದರೆ ನೆಲ ಮುಟ್ಟಿದೊಡನೆ ಚೆಂಡಿನಂತೆ ಪುಟಿದು ಮಗುಚಿಬಿದ್ದಿತು. ಟಚ್‌ಡೌನ್ ಬಿಂದುಗಳಲ್ಲಿ (ನೆಲ ಮುಟ್ಟುವ ಜಾಗಗಳಲ್ಲಿ) ಗಡಸುತನವನ್ನು 75,000 ಎಂದು, ಡ್ಯಾಂಪಿಂಗನ್ನು (ಪುಟಿತವನ್ನು ತಗ್ಗಿಸುವ ಗುಣವನ್ನು) 100 ಎಂದು ಇಟ್ಟಿದ್ದೇನೆ.

ಎರಡನೆಯ ಉತ್ತರ:
ಗಡಸುತನವನ್ನು ಭೂಮಿಯ ಗುರುತ್ವಕ್ಕೆ ಲೆಕ್ಕ ಹಾಕಿದಂತಿದೆ. ಇಳಿಯುವಾಗ 900 ಕೆ.ಜಿ. ಉಳಿದಿದ್ದರೆ ಚಂದ್ರನ ಮೇಲೆ ಅದರ ಭಾರ ಸುಮಾರು 1,460 ನ್ಯೂಟನ್. ನಾಲ್ಕು ಕಾಲುಗಳೂ ಮೂರು ಸೆಂಟಿಮೀಟರ್ ಕುಗ್ಗಿ ನಿಲ್ಲಬೇಕೆಂದರೆ ಪ್ರತಿ ಕಾಲಿಗೆ 12,000 ನ್ಯೂಟನ್ ಪ್ರತಿ ಮೀಟರ್ ಸಾಕು. ಮುಖ್ಯವಾದದ್ದು ಡ್ಯಾಂಪಿಂಗ್: ಕಾಲೊಂದಕ್ಕೆ 225 ಕೆ.ಜಿ. ಬರುವುದರಿಂದ ಪುಟಿಯದಂತೆ ತಡೆಯಲು ಸುಮಾರು 3,300 ಬೇಕು, ನಿಮ್ಮ 100 ಏನೇನೂ ಸಾಲದು. ವಿಕ್ರಮ್‌ನ ಕಾಲುಗಳು ತಾಳಬಲ್ಲ ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಇಳಿಸಿ ನೋಡಿ. ನೌಕೆ ಒಂದು ಗೇಣಿಗಿಂತ ಕಡಿಮೆ ತಗ್ಗಿ, ನಿಧಾನವಾಗಿ ಮೇಲೆದ್ದು ನಿಲ್ಲುತ್ತದೆ. ಆ ಕ್ಷಣದಲ್ಲಿ ಪಾದಗಳು ಮಣ್ಣಿನೊಳಗೆ ಹೂತಂತೆ ಕಂಡರೆ ಮೆಶ್‌ನಲ್ಲಿ (ನೌಕೆಯ 3ಡಿ ಆಕೃತಿಯಲ್ಲಿ) ಕಾಲುಗಳಿಗೆ ಅನಿಮೇಶನ್ ಕೊಡಬೇಕಾಗುತ್ತದೆ, ಅಂಕಿಗಳನ್ನು ಬದಲಿಸಬೇಡಿ.